ಬಾನೆಟ್ ತೆರೆದರೆ ಎಂಜಿನ್ ಇಲ್ಲ: ಒಂದು ಕಾರ್ವೆಟ್ ಸಂಘದ ಪ್ರಕರಣ

ಈ ಬರಹದಲ್ಲಿ ಬರುವ ಸಂಘದ ಹೆಸರನ್ನಾಗಲಿ ಊರನ್ನಾಗಲಿ ಹೇಳುವುದಿಲ್ಲ. ಅಮೆರಿಕದ ಒಹಾಯೋ ರಾಜ್ಯದ ಒಂದು ಸಣ್ಣ ಊರು ಎಂದಷ್ಟೇ ತಿಳಿದರೆ ಸಾಕು. ಸದಸ್ಯರ ವಯಸ್ಸು, ವೃತ್ತಿಗಳನ್ನೂ ಅಲ್ಲಲ್ಲಿ ಬದಲಿಸಿದ್ದೇನೆ. ಯಾರು ಯಾವಾಗ ಏನನ್ನು ನಿರ್ಧರಿಸಿದರು ಎಂಬುದನ್ನು ಮಾತ್ರ ಬದಲಿಸಿಲ್ಲ. ಆಗ ನಾನು ಸಂಘದ ಕಾರ್ಯದರ್ಶಿಯಾಗಿದ್ದೆ. ಮುಂದೆ ಬರುವ ತಪ್ಪುಗಳಲ್ಲಿ ಹೆಚ್ಚಿನವು ನನ್ನವೇ.

ಹಿನ್ನೆಲೆ

ಹಾಸನದ ಕಡೆಯಿಂದ ಹೋಗಿ ಅಲ್ಲಿ ಎಂಜಿನಿಯರ್ ಆಗಿ ನೆಲೆಸಿದ ನನಗೆ ಶೆವರ್ಲೆ ಕಂಪನಿಯ ಸ್ಪೋರ್ಟ್ಸ್ ಕಾರಾದ ಕಾರ್ವೆಟ್‌ನ ಹುಚ್ಚು ಹಿಡಿದದ್ದು ತಡವಾಗಿ. 2012ರಲ್ಲಿ ಹನ್ನೊಂದು ವರ್ಷ ಹಳೆಯದಾದ ಐದನೆಯ ತಲೆಮಾರಿನ ಒಂದು ಕಾರನ್ನು ಕೊಂಡೆ. ಕೊಂಡ ಮೇಲೆ ಅದರ ಗೊರಗೊರ ಸದ್ದು ಯಾಕೆಂದು ಕೇಳಲು ಸಂಘಕ್ಕೆ ಹೋದೆ. ಆ ಸದ್ದನ್ನು ಒಬ್ಬರು ಎರಡೇ ನಿಮಿಷದಲ್ಲಿ ಪತ್ತೆ ಮಾಡಿದರು, ಮುಂದಿನ ಮೂರು ತಾಸು ಬೇರೇನೋ ಮಾತಾಡಿದರು. ಹಾಗೆ ಸದಸ್ಯನಾದೆ.

ಸುಮಾರು ಅರವತ್ತು ಜನರ ಸಂಘ. ಪ್ರತಿ ತಿಂಗಳ ಮೊದಲ ಶನಿವಾರ ಬೆಳಗ್ಗೆ ಒಂದು ಹೋಟೆಲಿನ ಹಿಂದಿನ ಬಯಲಿನಲ್ಲಿ ಕಾರುಗಳು ಸಾಲಾಗಿ ನಿಲ್ಲುತ್ತಿದ್ದವು. ಬಾನೆಟ್‌ಗಳು ತೆರೆದುಕೊಳ್ಳುತ್ತಿದ್ದವು. ಎಂಜಿನ್‌ನ ಆಚೆ ಒಬ್ಬರು, ಈಚೆ ಒಬ್ಬರು ಬಾಗಿ ನಿಂತು ಮಾತಿಗೆ ತೊಡಗುತ್ತಿದ್ದರು. ನಮ್ಮೂರಿನಲ್ಲಿ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕುವವರ ಮಾತು ಹೇಗೋ ಹಾಗೆ: ವಿಷಯ ಕಾರ್ಬ್ಯುರೇಟರಿನಿಂದ ಆರಂಭವಾಗಿ ಮಗಳ ಮದುವೆಯವರೆಗೆ ಹೋಗುತ್ತಿತ್ತು. ಈ ಬಾಗಿ ನಿಲ್ಲುವ ಪದ್ಧತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಅದನ್ನು ಏಳು ವರ್ಷ ನೋಡಿಯೂ ನೋಡಿರಲಿಲ್ಲ.

ವರ್ಷಕ್ಕೊಮ್ಮೆ ಆಗಸ್ಟ್‌ನಲ್ಲಿ ಪ್ರದರ್ಶನ. ತಲೆಮಾರಿಗೊಂದು ವಿಭಾಗ, ವಿಭಾಗಕ್ಕೊಂದು ಫಲಕ. ಮೊದಲ ಕಾರ್ವೆಟ್ ಬಂದದ್ದು 1953ರಲ್ಲಿ. ಆ ವರ್ಷ ತಯಾರಾದದ್ದು 300 ಕಾರು, ಎಲ್ಲವೂ ಬಿಳಿ. ಅಲ್ಲಿಂದ ಏಳು ತಲೆಮಾರು, ಅರವತ್ತಾರು ವರ್ಷ ಕಳೆದರೂ ಮಾರಾಟಕ್ಕೆ ಬಂದ ಪ್ರತಿಯೊಂದು ಕಾರ್ವೆಟ್‌ನ ಎಂಜಿನ್ ಮುಂದೆಯೇ ಇತ್ತು.

ಸಮಸ್ಯೆ

2019ರ ಜುಲೈ 18ರ ರಾತ್ರಿ ಅದು ಬದಲಾಯಿತು. ಕ್ಯಾಲಿಫೋರ್ನಿಯಾದ ಟಸ್ಟಿನ್‌ನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಾಯುನೌಕೆಗಳ ಕೊಟ್ಟಿಗೆಯೊಂದರಲ್ಲಿ ಎಂಟನೆಯ ತಲೆಮಾರಿನ ಕಾರನ್ನು ತೋರಿಸಿದರು. 6.2 ಲೀಟರಿನ ವಿ8 ಎಂಜಿನ್ ಸೀಟುಗಳ ಹಿಂದೆ, ಗಾಜಿನ ಕೆಳಗೆ ಕೂತಿತ್ತು. 490 ಅಶ್ವಶಕ್ತಿ, ಹೊಗೆಕೊಳವೆ ಬದಲಿಸಿಕೊಂಡರೆ 495. ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗ ಮುಟ್ಟಲು ಮೂರು ಸೆಕೆಂಡ್ ಸಾಕು ಎಂದರು. ಆರಂಭದ ಬೆಲೆ 60,000 ಡಾಲರಿನ ಒಳಗೆ ಎಂದು ಸಾರಿದರು. ಆಮೇಲೆ ಅದು 59,995 ಎಂದು ತಿಳಿದಾಗ ನನಗೆ ಬಾಟಾ ಚಪ್ಪಲಿಯ ಬೆಲೆ ನೆನಪಾಗಿ ನಗು ಬಂತು. ಆ ನಗುವನ್ನು ಅಲ್ಲಿ ಯಾರಿಗೂ ವಿವರಿಸಲಾಗಲಿಲ್ಲ.

ನಾವು ಹದಿನೆಂಟು ಮಂದಿ ಸಂಘದ ಒಬ್ಬ ಶಿಕ್ಷಕಿಯ ಗ್ಯಾರೇಜಿನಲ್ಲಿ ಗೋಡೆಗೆ ಬೆಡ್‌ಶೀಟ್ ಕಟ್ಟಿ ನೇರಪ್ರಸಾರ ನೋಡುತ್ತಿದ್ದೆವು. ಕಾರು ವೇದಿಕೆಗೆ ಬಂದಾಗ ಯಾರೂ ಉಸಿರೆತ್ತಲಿಲ್ಲ. ಆಮೇಲೆ ನಮ್ಮ ಖಜಾಂಚಿ, ಲೆಕ್ಕಪರಿಶೋಧಕರು, "ಫೆರಾರಿಗೆ ನಮ್ಮ ಜೋಡಿ ಬಾವುಟ ಅಂಟಿಸಿದ್ದಾರೆ" ಎಂದರು. ಜೋಡಿ ಬಾವುಟ ಕಾರ್ವೆಟ್‌ನ ಲಾಂಛನ. ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಉಪಕರಣ ತಯಾರಕರಿದ್ದರು. ನಾನು ಅವರನ್ನು ಮನಸ್ಸಿನಲ್ಲಿ ಯಜಮಾನರು ಎಂದೇ ಕರೆಯುತ್ತಿದ್ದೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಅವರು ಪರದೆಯತ್ತ ಬೆರಳು ತೋರಿಸಿ, "ಮೂರನೆಯ ಪೆಡಲ್ ಎಲ್ಲಿ?" ಎಂದು ಕೇಳಿದರು. ಇರಲಿಲ್ಲ. ಎಂಟು ಗೇರಿನ ಜೋಡಿ ಕ್ಲಚ್ ಪೆಟ್ಟಿಗೆ ತಾನೇ ಗೇರ್ ಬದಲಿಸುತ್ತದೆ, ಕ್ಲಚ್ ಪೆಡಲ್ ಬೇಕಿಲ್ಲ; ಗೇರ್ ಹಾಕಲು ಗುಂಡಿಗಳು. ಚಾಲಕನಿಗೂ ಪಕ್ಕದವರಿಗೂ ನಡುವೆ ಎ.ಸಿ. ಗುಂಡಿಗಳ ಉದ್ದನೆಯ ಸಾಲನ್ನು ಯಾರೋ ಜಾಕೆಟ್ಟಿನ ಜಿಪ್ಪಿಗೆ ಹೋಲಿಸಿದರು. ಇಪ್ಪತ್ತೆಂಟು ವರ್ಷದ ಎಲೆಕ್ಟ್ರಿಷಿಯನ್ ಹುಡುಗನೊಬ್ಬ ಮಾತ್ರ ಚಪ್ಪಾಳೆ ತಟ್ಟಿದ, ಸುತ್ತ ನೋಡಿ ನಿಲ್ಲಿಸಿದ. ಸಿ4, ಅಂದರೆ ನಾಲ್ಕನೆಯ ತಲೆಮಾರಿನ ಕಾರಿನ ಒಡೆಯರಾದ ಇನ್ನೊಬ್ಬರು "ಇದು ನಮ್ಮ ಕಾರಲ್ಲ" ಎಂದಷ್ಟೇ ಹೇಳಿ ಎದ್ದು ಹೋದರು.

ಅಷ್ಟರಲ್ಲೇ ಮುಗಿದಿದ್ದರೆ ಅದು ಒಂದು ರಾತ್ರಿಯ ಜಗಳವಾಗಿ ಉಳಿಯುತ್ತಿತ್ತು. ನವೆಂಬರ್‌ನಲ್ಲಿ ಹದಿನೇಳು ಜನ ಸಹಿ ಮಾಡಿದ ಪ್ರಸ್ತಾವ ನನ್ನ ಕೈಗೆ ಬಂತು: ಹೊಸ ತಲೆಮಾರಿನ ಕಾರುಗಳಿಗೆ ಪ್ರದರ್ಶನದಲ್ಲಿ ಸ್ವಂತ ವಿಭಾಗ ಕೂಡದು, ಅವು 'ಅತಿಥಿ' ಸಾಲಿನಲ್ಲಿ ನಿಲ್ಲಲಿ. ಅಂದರೆ ಬೇರೆ ಕಂಪನಿಗಳ ಕಾರುಗಳ ಜೊತೆ. ಮೊದಲ ಸಹಿ ಯಜಮಾನರದು, ಎರಡನೆಯದು ಖಜಾಂಚಿಯದು. ಪ್ರಸ್ತಾವ ಗೆದ್ದರೆ ಮುಂದೆ ಕಿರಿಯರು ಯಾರೂ ಸಂಘಕ್ಕೆ ಬರುವುದಿಲ್ಲ. ಸೋತರೆ ಈ ಹದಿನೇಳು ಮಂದಿ ಉಳಿಯುವುದು ಅನುಮಾನ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವಂಥ ಸ್ಥಿತಿ.

ಮೊದಲ ಪ್ರಯತ್ನ: ತಿಳಿಹೇಳುವುದು

ಎಂಜಿನಿಯರ್‌ಗೆ ಸಹಜವಾದ ದಾರಿಯನ್ನೇ ಹಿಡಿದೆ. ಜನರಿಗೆ ವಿಷಯ ಗೊತ್ತಿಲ್ಲ, ಗೊತ್ತಾದರೆ ಒಪ್ಪುತ್ತಾರೆ ಎಂದುಕೊಂಡೆ. ಜನವರಿಯ ಸಭೆಯಲ್ಲಿ ನಲವತ್ತು ನಿಮಿಷ ಮಾತಾಡಿದೆ.

ನನ್ನ ತಾತ ಎತ್ತಿನ ಗಾಡಿಗೆ ಬೆಲ್ಲದ ಮೂಟೆ ಹೇರುವಾಗ ಮುಂಭಾರವಾದರೆ ಎತ್ತಿನ ಹೆಗಲು ನೋಯುತ್ತದೆ, ಹಿಂಭಾರವಾದರೆ ನೊಗ ಮೇಲೇಳುತ್ತದೆ ಎನ್ನುತ್ತಿದ್ದರು; ಭಾರವೆಲ್ಲ ಅಚ್ಚಿನ ಹತ್ತಿರ ಕೂತರೆ ತಿರುವಿನಲ್ಲಿ ಗಾಡಿ ಸಲೀಸಾಗಿ ತಿರುಗುತ್ತಿತ್ತು. ಅಲ್ಲಿಂದ ಆರಂಭಿಸಿದೆ. ಏಳನೆಯ ತಲೆಮಾರಿನ ಹೊತ್ತಿಗೆ ಎಂಜಿನನ್ನು ಮುಂದಿನ ಅಚ್ಚಿನ ಹಿಂದಕ್ಕೆ ತಳ್ಳಿ, ಗೇರ್ ಪೆಟ್ಟಿಗೆಯನ್ನು ಹಿಂಬದಿಗೆ ಕಳಿಸಿ ಭಾರವನ್ನು ಸರಿಸಮ ಮಾಡಿಯಾಗಿತ್ತು. ಕೊನೆಯ ಝಡ್‌ಆರ್1 ಮಾದರಿಗೆ 755 ಅಶ್ವಶಕ್ತಿ ಬಂದ ಮೇಲೆ ಆ ಏರ್ಪಾಟಿನಲ್ಲಿ ಇನ್ನು ದಾರಿ ಉಳಿದಿರಲಿಲ್ಲ. ಶಕ್ತಿ ಇದ್ದರೂ ಹಿಂದಿನ ಚಕ್ರ ನೆಲವನ್ನು ಕಚ್ಚಬೇಕಲ್ಲ. ಎಂಜಿನ್ ಹಿಂದೆ ಹೋದರೆ ಭಾರದಲ್ಲಿ ನೂರಕ್ಕೆ ಸುಮಾರು ಅರವತ್ತು ಭಾಗ ಆ ಚಕ್ರಗಳ ಮೇಲೆ ಬೀಳುತ್ತದೆ. ಚಾಲಕ ಮುಂದಕ್ಕೆ ಸರಿಯುತ್ತಾನೆ, ರಸ್ತೆ ಹತ್ತಿರದಿಂದ ಕಾಣುತ್ತದೆ.

ಇತಿಹಾಸವನ್ನೂ ಬಿಡಲಿಲ್ಲ. ಕಾರ್ವೆಟ್‌ನ ಪಿತಾಮಹ ಎಂದು ಎಲ್ಲರೂ ಪೂಜಿಸುವ ಎಂಜಿನಿಯರ್ ಝೋರಾ ಅರ್ಕಸ್-ಡುಂಟೊವ್ ಇದೇ ಕನಸು ಕಂಡವರು. 1960ರ ಆಸುಪಾಸಿನಿಂದಲೇ ಎಂಜಿನ್ ಹಿಂದಿಟ್ಟ ಪ್ರಯೋಗದ ಕಾರುಗಳನ್ನು ಕಟ್ಟಿದರು, ಕಂಪನಿ ಒಪ್ಪಲಿಲ್ಲ, 1975ರಲ್ಲಿ ನಿವೃತ್ತರಾದರು, 1996ರಲ್ಲಿ ತೀರಿಕೊಂಡರು. ಇನ್ನು ಕ್ಲಚ್ ಪೆಡಲ್ ಇಲ್ಲವೆಂಬ ದೂರು: 1953ರ ಮೊದಲ ಕಾರ್ವೆಟ್‌ಗೂ ಇರಲಿಲ್ಲ, ಅದಕ್ಕಿದ್ದದ್ದು ಎರಡು ಗೇರಿನ ಆಟೊಮ್ಯಾಟಿಕ್. ರೂಪ ಕೆಟ್ಟಿತೆಂಬ ದೂರಿಗೆ 1963ರ ಕೂಪೆಯನ್ನು, ಅಂದರೆ ಮುಚ್ಚಿದ ಛಾವಣಿಯ ಮಾದರಿಯನ್ನು, ನೆನಪಿಸಿದೆ. ಅದರ ಹಿಂದಿನ ಗಾಜನ್ನು ನಡುವೆ ಸೀಳಿದ್ದ ಪಟ್ಟಿ ನೋಟಕ್ಕೆ ಅಡ್ಡ ಬರುತ್ತದೆಂದು ಆಗ ಎಷ್ಟೋ ಜನ ಅದನ್ನು ಕತ್ತರಿಸಿ, ಮರುವರ್ಷದ ಒಂಟಿ ಗಾಜು ಹಾಕಿಸಿಕೊಂಡರು. ಇಂದು ಆ ಪಟ್ಟಿಯಿರುವ ಕಾರಿಗೆ ಸಂಗ್ರಾಹಕರು ಸುರಿಯುವ ಹಣಕ್ಕೆ ಲೆಕ್ಕವಿಲ್ಲ. 2013ರಲ್ಲಿ ಏಳನೆಯ ತಲೆಮಾರಿನ ಹಿಂದಿನ ದೀಪಗಳು ದುಂಡಗಿಲ್ಲವೆಂದು ಬೊಬ್ಬೆ ಹಾಕಿದವರು ಇದೇ ಸಭೆಯಲ್ಲಿದ್ದರು, ಈಗ ಅದೇ ಕಾರಿನ ಒಡೆಯರಾಗಿ.

ವಾದ ಗಟ್ಟಿಯಾಗಿತ್ತು ಎಂದು ಈಗಲೂ ನಂಬುತ್ತೇನೆ. ಪರಿಣಾಮ ಸೊನ್ನೆ. ಯಜಮಾನರು ಕಾಫಿ ಲೋಟ ಕೆಳಗಿಟ್ಟು, "ನಾನು ಕೇಳದ ಪ್ರಶ್ನೆಗೆಲ್ಲ ಉತ್ತರ ಕೊಟ್ಟೆ" ಎಂದರು. ಖಜಾಂಚಿ ನಗುತ್ತಾ, ಅದೇ ತಿಂಗಳು ಹರಾಜಿನಲ್ಲಿ ಹೊಸ ತಲೆಮಾರಿನ ಮೊದಲ ಕಾರು ಮೂವತ್ತು ಲಕ್ಷ ಡಾಲರಿಗೆ ಹೋದದ್ದನ್ನು ಎತ್ತಿದರು. ಹಣ ಡೆಟ್ರಾಯಿಟ್‌ನ ಮಕ್ಕಳ ನಿಧಿಗೆ ಹೋಗುವುದೆಂಬ ಮಾತು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಎರಡನೆಯ ಪ್ರಯತ್ನ: ಅಂಕ ಕೊಡಿಸುವುದು

ಇದು ನನ್ನ ದೊಡ್ಡ ತಪ್ಪು. ಗಲಾಟೆ ಮಾಡುವವರು ಕೆಲವರೇ, ಉಳಿದವರಿಗೆ ಕಾರು ಹಿಡಿಸಿದೆ ಎಂದು ತೋರಿಸಲು ಫೆಬ್ರವರಿಯಲ್ಲಿ ಎಲ್ಲರಿಗೂ ಒಂದು ಹಾಳೆ ಹಂಚಿದೆ. ರೂಪ, ಗೇರು, ಒಳಾಂಗಣ, 'ಕಾರ್ವೆಟ್‌ತನ' ಎಂದು ನಾಲ್ಕು ಸಾಲು, ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ, ಕೆಳಗೆ ಹೆಸರು. ಹೆಸರು ಯಾಕೆ ಕೇಳಿದೆನೋ ಈಗಲೂ ಅರ್ಥವಾಗುವುದಿಲ್ಲ. ಕಚೇರಿಯ ಅಭ್ಯಾಸ ಇರಬೇಕು.

ಅಂಕಗಳು ಕಡಿಮೆ ಬಂದವು. ಅದು ಅಷ್ಟು ದೊಡ್ಡ ವಿಷಯವಲ್ಲ. ಅಲ್ಲಿಯವರೆಗೆ ಬಾಯಿಮಾತಿನಲ್ಲಿ ತೇಲುತ್ತಿದ್ದ ಅಭಿಪ್ರಾಯ ಈಗ ಕಾಗದದ ಮೇಲೆ, ಸಹಿಯ ಜೊತೆ ಕೂತಿತು. ಕಾರನ್ನು ಒಬ್ಬರೂ ಕಣ್ಣಾರೆ ನೋಡಿರಲಿಲ್ಲ. ಹಿಂದಿನ ಶರತ್ಕಾಲದಲ್ಲಿ ಕಾರ್ಮಿಕರು ನಲವತ್ತು ದಿನ ಮುಷ್ಕರ ಹೂಡಿದ್ದರಿಂದ ಕೆಂಟಕಿಯ ಬೌಲಿಂಗ್ ಗ್ರೀನ್ ಕಾರ್ಖಾನೆಯಲ್ಲಿ ತಯಾರಿಕೆ ಆರಂಭವಾದದ್ದೇ ಆ ಫೆಬ್ರವರಿಯಲ್ಲಿ. ಚಿತ್ರ ನೋಡಿ ಆಡಿದ ಮಾತನ್ನು ಯಾರಾದರೂ ಸುಲಭವಾಗಿ ಬದಲಿಸಬಹುದಿತ್ತು, ಬರೆದುಕೊಟ್ಟದ್ದನ್ನು ನುಂಗುವುದು ಕಷ್ಟ. 'ಒಳಾಂಗಣ'ಕ್ಕೆ ಎರಡು ಅಂಕ ಕೊಟ್ಟ ಸದಸ್ಯರೊಬ್ಬರು ಮುಂದೆ ಆ ಕಾರಿನಲ್ಲಿ ಕೂತಾಗ ಇಳಿಯಲು ಮನಸ್ಸಿಲ್ಲದೆ ಇಪ್ಪತ್ತು ನಿಮಿಷ ಕೂತಿದ್ದರು. ಇಳಿದ ಮೇಲೆ "ನಾನು ಹೇಳಿದ್ದು ಸರಿಯೇ ಇತ್ತು" ಎಂದರು.

ಮಾರ್ಚ್‌ನಲ್ಲಿ ಕೊರೊನಾ ಬಂದು ಎಲ್ಲವೂ ನಿಂತಿತು. ಪ್ರಸ್ತಾವದ ಮೇಲಿನ ಮತದಾನವೂ ಮುಂದೆ ಹೋಯಿತು. ನಾನು ನಿರ್ಧರಿಸಿದ್ದಲ್ಲ, ಆದರೆ ಆ ಆರು ತಿಂಗಳಲ್ಲಿ ಆದ ಒಳ್ಳೆಯ ಕೆಲಸ ಅದೊಂದೇ.

ತಿರುವು

ಜುಲೈನಲ್ಲಿ ಶಿಕ್ಷಕಿಯ ಭಾವನಿಗೆ ಹೊಸ ಕಾರು ಸಿಕ್ಕಿತು. ಒಂದು ಭಾನುವಾರ ತರುತ್ತೇನೆಂದರು. ಅಧ್ಯಕ್ಷರು ಹೋಟೆಲಿನ ಬಯಲಿನಲ್ಲಿ ಎಲ್ಲರನ್ನೂ ಸೇರಿಸಿ, ಸರದಿಯಲ್ಲಿ ಓಡಿಸಲು ಕೊಡೋಣ ಎಂದರು. ವೇಗ ಕಂಡರೆ ಎಲ್ಲರೂ ಸೋಲುತ್ತಾರೆ ಎಂಬುದು ಅವರ ಎಣಿಕೆ. ಶಿಕ್ಷಕಿ ಬೇಡವೆಂದರು. "ಅವರು ವೇಗವಿಲ್ಲ ಎಂದು ಎಲ್ಲಿ ದೂರಿದ್ದಾರೆ? ಕಾರನ್ನು ಯಜಮಾನರ ಮನೆಯ ಮುಂದೆ ನಿಲ್ಲಿಸೋಣ. ನಾವು ಸುಮ್ಮನಿರೋಣ." ಈ ಪ್ರಕರಣದಲ್ಲಿ ಯಾರಾದರೂ ತೆಗೆದುಕೊಂಡ ಒಳ್ಳೆಯ ನಿರ್ಧಾರ ಇದೊಂದೇ ಎಂದರೆ ಉತ್ಪ್ರೇಕ್ಷೆಯಲ್ಲ. ನನ್ನದಲ್ಲ ಎಂಬ ಸಣ್ಣ ಅಸೂಯೆ ಈಗಲೂ ಇದೆ.

ಮಾಸ್ಕ್ ಹಾಕಿಕೊಂಡು ಹನ್ನೆರಡು ಜನ ಸೇರಿದೆವು. ಕಾರು ನಿಂತಿತು. ಯಜಮಾನರು ಬಣ್ಣವನ್ನಾಗಲಿ ಸ್ಟಿಯರಿಂಗ್ ಅನ್ನಾಗಲಿ ನೋಡಲಿಲ್ಲ. ಅಭ್ಯಾಸಬಲದಿಂದ ಮುಂದಿನ ಮುಚ್ಚಳ ತೆರೆಸಿದರು. ಒಳಗೆ ಸಣ್ಣ ಡಿಕ್ಕಿ, ಕಾರ್ಪೆಟ್ಟು, ಯಾರದೋ ಛತ್ರಿ. ಒಂದು ಕ್ಷಣ ಹಾಗೇ ನಿಂತರು. ಆಮೇಲೆ ಹಿಂದಕ್ಕೆ ಬಂದು ಗಾಜಿನ ಮುಚ್ಚಳ ಎತ್ತಿಸಿದರು, ಟಾರ್ಚ್ ತರಿಸಿದರು, ತಮ್ಮ ಗ್ಯಾರೇಜಿನ ಉರುಳು ಹಲಗೆಯನ್ನು ಎಳೆದುಕೊಂಡು ಕಾರಿನ ಕೆಳಗೆ ತಲೆ ತೂರಿಸಿದರು. ಜಾಕ್ ಎಲ್ಲಿ ಕೊಡುತ್ತಾರೆ? ಎಣ್ಣೆ ಎಲ್ಲಿಂದ ಬಸಿಯುತ್ತದೆ? ಬೆಲ್ಟ್ ಯಾವ ಕಡೆಗಿದೆ? ಬೆಲ್ಟ್ ಇರುವ ಮುಖ ಸೀಟುಗಳ ಕಡೆಗೆ, ಅಂದರೆ ಚಾಲಕನ ಬೆನ್ನಿಗೆ, ತಿರುಗಿದೆ ಎಂದು ಗೊತ್ತಾದಾಗ ಹೊರಗೆ ಬಂದು ಕೈ ಒರೆಸಿಕೊಂಡರು.

"ಎಂಜಿನ್ ಚೆನ್ನಾಗಿದೆ. ಈಗಲೂ ನಮ್ಮ ಹಳೆಯ ಪುಷ್‌ರಾಡ್ ಜಾತಿಯದೇ. ಆದರೆ ಇದು ನೋಡುವ ಎಂಜಿನ್, ಕೈ ಹಾಕುವ ಎಂಜಿನ್ ಅಲ್ಲ. ಇದರ ಆಚೆ ನೀನು, ಈಚೆ ನಾನು ಎಲ್ಲಿ ನಿಲ್ಲುವುದು?"

ಒಂದು ವರ್ಷದಿಂದ ನಾವು ಮೂರನೆಯ ಪೆಡಲಿನ ಬಗ್ಗೆ ಜಗಳವಾಡುತ್ತಿದ್ದೆವು. ಅವರ ಚಿಂತೆ ಪೆಡಲಿನದಾಗಿರಲಿಲ್ಲ. ಐವತ್ತು ವರ್ಷ ಕಬ್ಬಿಣ ಮುಟ್ಟಿ ಬದುಕಿದ ಕೈಗೆ ಈ ಕಾರು ಕೆಲಸ ಉಳಿಸುತ್ತದೆಯೇ ಎಂಬುದು ಅವರ ಪ್ರಶ್ನೆ. ಕ್ಲಚ್ ಆ ಪ್ರಶ್ನೆಗೆ ಸಿಕ್ಕ ಮೊದಲ ಹೆಸರು ಅಷ್ಟೇ.

ಅದೇ ದಿನ ಖಜಾಂಚಿಯ ಗುಟ್ಟೂ ಬಯಲಾಯಿತು. 'ಫೆರಾರಿಯ ನಕಲು' ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವರು ಕಾರಿನ ಒಡೆಯರನ್ನು ಪಕ್ಕಕ್ಕೆ ಕರೆದು, ಮಾರಾಟಗಾರರು ಪಟ್ಟಿಬೆಲೆಯ ಮೇಲೆ ಎಷ್ಟು ಕೇಳಿದರು, ಕಾಯಬೇಕಾದದ್ದು ಎಷ್ಟು ದಿನ ಎಂದು ವಿಚಾರಿಸುತ್ತಿದ್ದರು. ಅವರು ಹಿಂದಿನ ಶರತ್ಕಾಲದಲ್ಲೇ ಎರಡು ಕಡೆ ಮುಂಗಡ ಕಟ್ಟಿದ್ದರು! 2017ರಲ್ಲಿ ಸಾಲ ಮಾಡಿ ಕೊಂಡ ಸಿ7ರ ಬೆಲೆ ಕುಸಿಯುತ್ತದೆ ಎಂಬ ಭಯ ಅವರದು. ಕೈಗೆ ಬರುವವರೆಗೆ ಹೊಸ ಕಾರು ಕೆಟ್ಟದಾಗಿರಬೇಕಿತ್ತು. ಅತ್ತ ಚಪ್ಪಾಳೆ ತಟ್ಟಿದ್ದ ಹುಡುಗನಿಗೆ ಕೊಳ್ಳುವ ಶಕ್ತಿ ಇರಲಿಲ್ಲ, ಇನ್ನೂ ಇಲ್ಲ.

ಮೈಸೂರಿನಲ್ಲಿರುವ ನನ್ನ ಅಕ್ಕನ ಮಗ ಆ ಸಂಜೆ ಫೋನಿನಲ್ಲಿ ಚಿತ್ರ ನೋಡಿ, ಮೊದಲ ಬಾರಿ ಬಲಬದಿಯ ಸ್ಟಿಯರಿಂಗ್ ಇಟ್ಟು ಕೂಡ ತಯಾರಿಸುತ್ತಾರಂತಲ್ಲ, ನಮ್ಮಲ್ಲಿಗೂ ಬರುತ್ತದೆಯೇ ಎಂದು ಕೇಳಿದ. ಶೆವರ್ಲೆ 2017ರ ಕೊನೆಗೇ ಭಾರತದಲ್ಲಿ ಮಾರಾಟ ನಿಲ್ಲಿಸಿತ್ತು. "ಮಾಮ, ಹಾಗಾದರೆ ಅದರ ಎಂಜಿನ್ ಎಲ್ಲಿದ್ದರೆ ನನಗೇನು?" ಎಂದ. ಆ ವರ್ಷ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ಪ್ರತಿಕ್ರಿಯೆ ಅದು.

ಏನಾಯಿತು

2021ರ ಜನವರಿಯ ಸಭೆ ವೀಡಿಯೊ ಕರೆಯಲ್ಲಿ ನಡೆಯಿತು. ಯಜಮಾನರು ತಮ್ಮದೇ ಪ್ರಸ್ತಾವಕ್ಕೆ ತಿದ್ದುಪಡಿ ತಂದರು. ಹೊಸ ತಲೆಮಾರಿಗೆ ಸ್ವಂತ ವಿಭಾಗ ಇರಲಿ. ಅದರ ಜೊತೆಗೆ ಎಲ್ಲ ತಲೆಮಾರುಗಳಿಗೂ ತೆರೆದ ಒಂದು 'ಕೈಕೆಲಸ'ದ ಫಲಕ ಇರಲಿ, ಒಡೆಯರು ತಮ್ಮ ಕೈಯಾರೆ ಮಾಡಿದ ಒಂದು ಕೆಲಸವನ್ನು ತೋರಿಸಿ ವಿವರಿಸಬೇಕು. 31ಕ್ಕೆ 14 ಮತಗಳಿಂದ ಅದು ಪಾಸಾಯಿತು. ಖಜಾಂಚಿ ಪರವಾಗಿ ಮತ ಹಾಕಿದರು. ಅವರ ಹೊಸ ಕಾರು ಅಷ್ಟರಲ್ಲಿ ಬಂದಿತ್ತು.

ಆ ಆಗಸ್ಟ್‌ನಲ್ಲಿ ಆರು ಹೊಸ ಕಾರುಗಳು ಬಂದವು, ಕೈಕೆಲಸದ ಸ್ಪರ್ಧೆಗೆ ಅವುಗಳಲ್ಲಿ ಒಂದೂ ನಿಲ್ಲಲಿಲ್ಲ. ಯಜಮಾನರು ಏನೂ ಅನ್ನಲಿಲ್ಲ, ಮುಖದಲ್ಲಿ 'ನಾನು ಹೇಳಲಿಲ್ಲವೇ' ಎಂಬುದು ಇತ್ತು. ಮರುವರ್ಷ ಒಬ್ಬರು ಮುಂದಿನ ರೇಡಿಯೇಟರುಗಳಿಗೆ ಕಲ್ಲು ಬಡಿಯದಂತೆ ತಾವೇ ಜಾಲರಿ ಕತ್ತರಿಸಿ, ಚೌಕಟ್ಟು ಬಗ್ಗಿಸಿ ಹಾಕಿಕೊಂಡು ಬಂದರು. ಯಜಮಾನರು ಕನ್ನಡಕ ಏರಿಸಿ ಅಂಚಿನ ಮೇಲೆ ಬೆರಳಾಡಿಸಿದರು. ಒಂದು ಮೂಲೆಯಲ್ಲಿ ಅರ ಹಾಕದೆ ಬಿಟ್ಟ ಮುಳ್ಳು ಸಿಕ್ಕಿತು, ಎರಡು ಅಂಕ ಕಡಿಮೆ ಮಾಡಿದರು. ಆಮೇಲೆ ಇಬ್ಬರೂ ಮಧ್ಯಾಹ್ನದವರೆಗೆ ಆ ಬಂಪರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಬಾಗಿ ನಿಲ್ಲುವ ಬದಲು ಕೂತರು, ಅಷ್ಟೇ ವ್ಯತ್ಯಾಸ.

ಇಂಥ ಸಂಘ ನಡೆಸುವವರು ನನ್ನನ್ನು ಕೇಳಿದರೆ ಇಷ್ಟು ಹೇಳುತ್ತೇನೆ. ಪ್ರಿಯವಾದ ವಸ್ತು ಬದಲಾದಾಗ ಜನ ಮೊದಲು ಆಡುವ ದೂರಿಗೆ ಉತ್ತರ ಕೊಡಲು ಹೋಗಬೇಡಿ, ಅದು ಕೈಗೆ ಸಿಕ್ಕ ಕಲ್ಲು. ಆ ವಸ್ತುವಿನೊಂದಿಗೆ ಅವರು ಶನಿವಾರ ಬೆಳಗ್ಗೆ ಏನು ಮಾಡುತ್ತಾರೆ ಎಂದು ನೋಡಿ. ವಸ್ತು ಎದುರಿಗೆ ಬರುವ ಮೊದಲು ಅಭಿಪ್ರಾಯವನ್ನು ಬರೆಸಿಕೊಳ್ಳಬೇಡಿ. ಇವೆರಡನ್ನೂ ನಾನು ನವೆಂಬರ್‌ನಲ್ಲೇ ಮಾಡಬಹುದಿತ್ತು: ಪ್ರಸ್ತಾವ ಕೈಗೆ ಬಂದ ದಿನ ಯಜಮಾನರ ಮನೆಗೆ ಹೋಗಿದ್ದರೆ ಸಾಕಿತ್ತು, ಅವರ ಮನೆ ನಮ್ಮ ಮನೆಯಿಂದ ಹನ್ನೊಂದು ನಿಮಿಷದ ದಾರಿ.

ಇನ್ನೊಂದು ಉಳಿದಿದೆ. ಮೊದಲ ರಾತ್ರಿ "ಇದು ನಮ್ಮ ಕಾರಲ್ಲ" ಎಂದು ಎದ್ದು ಹೋದವರನ್ನು ನಾನು ಹಳೆಯದಕ್ಕೆ ಜೋತುಬಿದ್ದವರ ಲೆಕ್ಕಕ್ಕೆ ಸೇರಿಸಿ ಮರೆತಿದ್ದೆ. ಅವರು ಪ್ರಸ್ತಾವಕ್ಕೆ ಸಹಿ ಹಾಕಿರಲಿಲ್ಲ, ಅಂಕದ ಹಾಳೆಯನ್ನು ಖಾಲಿ ಮರಳಿಸಿದ್ದರು, ಕಾರು ನೋಡಲು ಬರಲೇ ಇಲ್ಲ. 2020ರ ಕೊನೆಯಲ್ಲಿ ಸದಸ್ಯತ್ವ ನವೀಕರಿಸಲಿಲ್ಲ. ಅವರು ಇಪ್ಪತ್ತೆರಡು ವರ್ಷ ದುಡಿದ ಕಾರು ಕಾರ್ಖಾನೆ 2019ರ ಆ ಜುಲೈಗೆ ಕೆಲವೇ ತಿಂಗಳ ಹಿಂದೆ ಮುಚ್ಚಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಶಿಕ್ಷಕಿಯ ಬಾಯಿಂದ. ಯಾವ ಕಾರ್ಖಾನೆ ಎಂದರೆ ಅವರ ಗುರುತು ಸಿಕ್ಕಿಬಿಡುತ್ತದೆ. ಎಂಜಿನ್ ಮುಂದಿದೆಯೋ ಹಿಂದಿದೆಯೋ ಅವರಿಗೆ ಲೆಕ್ಕಕ್ಕೇ ಇರಲಿಲ್ಲ. 'ನಮ್ಮ' ಎಂದರೆ ಯಾರ ಎಂದು ನಾನು ಕೇಳಲಿಲ್ಲ. ಒಮ್ಮೆ ಫೋನ್ ಮಾಡಿದೆ. ಸಿ4 ಮಾರಿದ್ದೇನೆ, ಟೆನೆಸ್ಸಿಗೆ ಹೋಗುತ್ತಿದ್ದೇನೆ, ಅಲ್ಲಿ ಕೆಲಸ ಸಿಕ್ಕಿದೆ ಎಂದರು. ನನ್ನ ಸಿ5ರ ಸದ್ದು ಹೇಗಿದೆ ಎಂದು ಕೇಳಿದರು. 2012ರಲ್ಲಿ ಅದನ್ನು ಎರಡು ನಿಮಿಷದಲ್ಲಿ ಪತ್ತೆ ಮಾಡಿದ್ದವರು ಅವರೇ.